ಆ ಬೆಳಿಗ್ಗೆ ಕೂಗಿದವನು ನಾನಲ್ಲ

ದೆವ್ವ, ಭೂತ, ಅಶರೀರವಾಣಿ ಇವೆಲ್ಲ ಒಂದು ಕಾಲಕ್ಕೆ ನನಗೆ ಬರೀ ಕಚ್ಚಾಮಾಲು. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರುಮಾಡಿದರೆ ನಾನು ಕಥೆ ಕೇಳುತ್ತಿರಲಿಲ್ಲ, ಹೇಳುವವರ ಗಂಟಲು ಕೇಳುತ್ತಿದ್ದೆ. ಎಲ್ಲಿ ದನಿ ತಗ್ಗಿಸುತ್ತಾರೆ, ಎಲ್ಲಿ ಎಂಜಲು ನುಂಗುತ್ತಾರೆ, ಎಲ್ಲಿ ದೇವರಾಣೆ ಹಾಕುತ್ತಾರೆ ಎಂದು ಗುರುತಿಟ್ಟುಕೊಂಡು, ಅವರು ಎದ್ದು ಹೋದ ಮೇಲೆ ಅವರದೇ ದನಿಯಲ್ಲಿ ಅದನ್ನು ಹೇಳಿ ಉಳಿದವರನ್ನು ನಗಿಸುತ್ತಿದ್ದೆ. ಆಲ್ಕೊಳದ ನಮ್ಮ ಬೀದಿಯಲ್ಲಿ ಮೋಹಿನಿಯನ್ನು ಕಂಡವರು ಮೂರು ಜನ ಇದ್ದರು. ಮೂವರನ್ನೂ ನಾನು ಮಾಡಿ ತೋರಿಸುತ್ತಿದ್ದೆ. ಒತ್ತಾಯ ಮಾಡಿದರೆ ಮೋಹಿನಿಯನ್ನೂ.

ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನಗುವವರು ನಗಲಿ, ನಿಮ್ಮ ಜಾಗದಲ್ಲಿ ನಾನಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದೆ. ನನ್ನದು ಒಂದೇ ವಿನಂತಿ. ಅರ್ಧ ಓದುವಷ್ಟರಲ್ಲಿ "ಇದೆಲ್ಲ ಇವನದೇ ಕೆಲಸ" ಎಂದು ತೀರ್ಮಾನ ಮಾಡಬೇಡಿ. ಆವತ್ತು ಅಲ್ಲಿದ್ದವರೆಲ್ಲ ಮಾಡಿದ್ದು ಅದೇ ತೀರ್ಮಾನ, ಅದರಿಂದ ನನಗೆ ಒಳ್ಳೆಯ ಹೆಸರೂ ಬಂತು. ಆ ಹೆಸರನ್ನು ಯಾರಿಗೆ ಹಿಂದಿರುಗಿಸಬೇಕು ಅನ್ನುವುದೇ ಇವತ್ತಿಗೂ ಗೊತ್ತಾಗಿಲ್ಲ.

ಏಳೆಂಟು ವರ್ಷದ ಹಿಂದಿನ ಮಾತು. ಮೂರು ವರ್ಷದ ಸಿವಿಲ್ ಡಿಪ್ಲೊಮಾವನ್ನು ಶಿವಮೊಗ್ಗದಲ್ಲಿ ಐದು ವರ್ಷ ನಿಧಾನವಾಗಿ ಸವಿದು, ಒಬ್ಬ ಕಂಟ್ರಾಕ್ಟರನ ಬಳಿ ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರಿದ್ದೆ. ಲ್ಯಾಬ್ ಅಂದರೆ ಒಂದು ತಗಡಿನ ಶೆಡ್ಡು, ಒಂದು ತಕ್ಕಡಿ, ನಾಲ್ಕು ಬಕೆಟ್ಟು ಮತ್ತು ನಾನು. ಭದ್ರಾವತಿಯಿಂದ ಹೊಳೆಹೊನ್ನೂರಿನ ಕಡೆಗೆ, ಭದ್ರಾ ಹೊಳೆಗೆ ಅಡ್ಡಲಾಗಿ ಒಂದು ಹಳೆಯ ಚಿಕ್ಕ ಸೇತುವೆ ಇತ್ತು. ಅದರ ನಡುವಿನ ಕಂಬದ ಬುಡವನ್ನು ಮಳೆಗಾಲದ ನೀರು ವರ್ಷಾವರ್ಷ ಕೊರೆದು, ಎರಡು ಎಮ್ಮೆ ಮಲಗುವಷ್ಟು ಪೊಳ್ಳು ಮಾಡಿಟ್ಟಿತ್ತು. ಮೇಲೆ ಬಸ್ಸುಗಳು ಏನೂ ಗೊತ್ತಿಲ್ಲದೆ ಓಡಾಡುತ್ತಿದ್ದವು. ಆ ಪೊಳ್ಳನ್ನು ನೀರಿನೊಳಗೇ ಕಾಂಕ್ರೀಟಿನಿಂದ ತುಂಬುವುದು ನಮ್ಮ ಕೆಲಸ.

ನೀರಿಗೆ ಕಾಂಕ್ರೀಟನ್ನು ಸುಮ್ಮನೆ ಸುರಿದರೆ ಸಿಮೆಂಟು ಹೊಳೆಯ ಪಾಲು, ಬರಿಯ ಜಲ್ಲಿ ನಮ್ಮ ಪಾಲು. ಅದಕ್ಕೇ ಮೇಲಿನಿಂದ ತಳದವರೆಗೆ ಒಂದು ಕಬ್ಬಿಣದ ಕೊಳವೆ ಇಳಿಸಿ, ಅದರ ಬಾಯಿ ಸದಾ ಹಸಿ ಕಾಂಕ್ರೀಟಿನೊಳಗೇ ಹೂತಿರುವಂತೆ ನೋಡಿಕೊಂಡು ತುಂಬುತ್ತಾರೆ. ಅಷ್ಟಾದರೂ ಅಂಚಿನಲ್ಲಿ ನೀರು ನೆಕ್ಕುತ್ತಲೇ ಇರುತ್ತದೆ. ಅದಕ್ಕಾಗಿ ಮೈದಾ ಹಿಟ್ಟಿನಂಥ ಒಂದು ಬಿಳಿ ಪುಡಿ ಬಂದಿತ್ತು. ಕಲಸುವಾಗ ಅದು ಬಿದ್ದರೆ ಕಾಂಕ್ರೀಟಿಗೆ ಎಂಥದೋ ಅಂಟು ಬರುತ್ತದೆ, ನೀರಿನಲ್ಲಿ ಮುಳುಗಿಸಿದರೂ ಮೈ ಬಿಟ್ಟುಕೊಡುವುದಿಲ್ಲ. ಅಂಟು ಜಾಸ್ತಿಯಾಗಿ ಕೊಳವೆಯಲ್ಲಿ ಇಳಿಯದೆ ಹಟ ಹಿಡಿಯಬಾರದು ಎಂದು ಜೊತೆಗೊಂದು ಕಂದು ದ್ರಾವಣ. ಬಾಂಡ್ಲಿ ಹೊರುವ ಹೆಂಗಸರು ಅದನ್ನು ಜೋನಿಬೆಲ್ಲ ಎಂದು ಕರೆಯುತ್ತಿದ್ದರು. ನಿಜಕ್ಕೂ ನೆಕ್ಕಿ ನೋಡಿದವನು ನಾನೊಬ್ಬನೇ. ಬೆಲ್ಲವಲ್ಲ, ನನ್ನ ಮಾತು ನಂಬಿ.

ಒಂದು ಕಲಸಿಗೆ, ಅಂದರೆ ಮಿಕ್ಸರ್ ಒಮ್ಮೆಗೆ ಕಲಸುವಷ್ಟು ಕಾಂಕ್ರೀಟಿಗೆ, ಒಂದು ಪೊಟ್ಟಣದಂತೆ ಪುಡಿ ತೂಗಿಡುವುದು, ಮಿಕ್ಸರಿಗೆ ಹಾಕುವುದು, ಲೆಕ್ಕಕ್ಕೆಂದು ಖಾಲಿ ಪೊಟ್ಟಣವನ್ನು ಇಟ್ಟಿಗೆಯ ಕೆಳಗೆ ಇಡುವುದು, ಇಷ್ಟು ನನ್ನ ಜವಾಬ್ದಾರಿ. ಇದರ ಮೇಲೆ ರುದ್ರಪ್ಪ ಮೇಸ್ತ್ರಿ ಇನ್ನೊಂದನ್ನು ಸೇರಿಸಿದ್ದರು.

ಮೇಸ್ತ್ರಿ ಶಿವಮೊಗ್ಗದ ಗೋಪಾಳದವರು, ಐವತ್ತೈದು ದಾಟಿದ ಮನುಷ್ಯ, ಹಣೆಯ ಮೇಲೆ ವಿಭೂತಿ ಒಂದು ದಿನವೂ ತಪ್ಪುತ್ತಿರಲಿಲ್ಲ. ಅವರು ಸೇರಿಸಿದ್ದು ಇದು: ಪ್ರತಿ ಕಲಸಿನಿಂದ ನಾನು ಒಂದು ಹಿಡಿ ತೆಗೆದು, ಹೊಳೆ ನೀರು ತುಂಬಿದ ಬಕೆಟ್ಟಿನ ತಳಕ್ಕೆ ಕೈ ಇಳಿಸಿ, ಮೆಲ್ಲಗೆ ಬೆರಳು ಬಿಡಿಸಬೇಕು. ತಿಳಿನೀರಿನಲ್ಲಿ ರಾಗಿಮುದ್ದೆಯ ಹಾಗೆ ಅಲುಗದೆ ಕೂತರೆ ಸರಿ. ನೀರು ಬೂದಿ ಕಲಸಿದಂತಾದರೆ ಆ ಕಲಸು ಕೊಳವೆಗೆ ಹೋಗಕೂಡದು. ನಮ್ಮ ಎಂಜಿನಿಯರ್ ಸಾಹೇಬರಿಗೆ ಬೆಳಿಗ್ಗೆ ಒಂದು ಸಲ ನೋಡಿದರೆ ಸಾಕಿತ್ತು. ಮೇಸ್ತ್ರಿಗೆ ಸಾಲದು. ಅಭ್ಯಾಸಕ್ಕೆಂದು ದಡದಲ್ಲಿ ಕಲಸಿದ ದಿನಗಳಲ್ಲೂ ಅವರು ಎಲ್ಲಿದ್ದರೂ ಅಲ್ಲಿಂದಲೇ ಕೇಳುತ್ತಿದ್ದರು: "ಹಿಡಿ ನೋಡಿದ್ಯಾ?" ದಿನಕ್ಕೆ ಐವತ್ತು ಸಲ. ನಾನು ಮೊದಲು ಕಲಿತ ಅವರ ಮಾತು ಅದೇ.

ಕಲಿತೆ ಅಂದರೆ ಗಂಟಲಿನ ಸಮೇತ. ನಾನು ಸೇರುವ ಹೊತ್ತಿಗೆ ಅವರ ದನಿ ಕೆಟ್ಟು ವರ್ಷವಾಗಿತ್ತು. ಒಣ ಮರಳನ್ನು ಸಲಿಕೆಯಿಂದ ಕೆರೆದಂಥ ಸದ್ದು. ಅದನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ ಎಲ್ಲರೂ ನನಗೆ ಟೇಪು ಎಂದೇ ಹೆಸರಿಟ್ಟಿದ್ದರು. ಒಮ್ಮೆ ಶೆಡ್ಡಿನ ಹಿಂದೆ ನಿಂತು ಮೇಸ್ತ್ರಿ ದನಿಯಲ್ಲಿ "ಸಾಕು, ಟೀ ಕುಡ್ಕೊಂಡ್ ಬನ್ನಿ" ಅಂದಿದ್ದಕ್ಕೆ ಮಿಕ್ಸರ್ ನಡೆಸುವ ಸೆಲ್ವಂ ಎಂಜಿನ್ ಆರಿಸಿ ನಡೆದೇಬಿಟ್ಟಿದ್ದ. ಮೇಸ್ತ್ರಿ ಬೈಯಲಿಲ್ಲ. ನನಗಿಂತ ನೀನೇ ವಾಸಿ ಮಾರಾಯ, ನಾಳೆಯಿಂದ ನೀನೇ ಕೂಗು, ನಾನು ಮನೇಲಿ ಮಲಗ್ತೀನಿ ಎಂದರು. ಎಲ್ಲರೂ ನಕ್ಕರು. ಹಾಲಮ್ಮ ಒಬ್ಬಳು ನಗಲಿಲ್ಲ. ಅವಳು ಬಾಂಡ್ಲಿ ಹೆಂಗಸರಿಗೆ ಹಿರಿಯಳು, ಹದಿನೈದು ವರ್ಷದಿಂದ ಮೇಸ್ತ್ರಿಯ ಕೈಕೆಳಗೆ ದುಡಿದವಳು.

"ಅದು ಅವರ ದನಿ ಅಲ್ಲ ಕಣೋ, ಕಾಯಿಲೆ ದನಿ" ಎಂದಳು. "ಅವರ ಗಂಟಲು ನೀನು ಕೇಳೇ ಇಲ್ಲ. ಆಚೆ ದಡದಿಂದ ಕೂಗಿದ್ರೆ ಈಚೆ ದಡದಲ್ಲಿ ಕೈಯಲ್ಲಿರೋದು ಕೆಳಗಿಡ್ತಿದ್ವಿ."

ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಅವರ ಗಂಟಲು ಕೇಳಿರಲಿಲ್ಲ.

ಚಳಿಗಾಲದಲ್ಲಿ ಹೊಳೆ ತಗ್ಗಿತು. ಅಣೆಕಟ್ಟಿನಿಂದ ಮತ್ತೆ ನೀರು ಬಿಡುವ ದಿನ ಗೊತ್ತಾಗಿತ್ತು, ಅದರೊಳಗೆ ಪೊಳ್ಳು ತುಂಬಿ ಮುಗಿಯಬೇಕು. ಆ ಕೆಲಸಕ್ಕೆ ಇಟ್ಟ ದಿನವೇ ಮೇಸ್ತ್ರಿಯ ಗಂಟಲಿನ ಆಪರೇಷನ್ನಿಗೂ ಶಿವಮೊಗ್ಗದ ಆಸ್ಪತ್ರೆಯಲ್ಲಿ ದಿನ ಸಿಕ್ಕಿತು. ಗಂಟಲು ಎಲ್ಲಿಗೆ ಹೋಗುತ್ತೆ, ಮುಂದಿನ ತಿಂಗಳು ನೋಡಿದರಾಯ್ತು ಎಂದು ಮೇಸ್ತ್ರಿ ಹಟ ಹಿಡಿದರು. ಅವರ ಹೆಂಡತಿ ಗೌರಮ್ಮ ಗೋಪಾಳದಿಂದ ಎರಡು ಬಸ್ಸು ಹತ್ತಿ ಸೈಟಿಗೇ ಬಂದು, ಒಂದು ಮಾತೂ ಆಡದೆ ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟರು. ಅರ್ಧ ಗಂಟೆ ಕೂತರು. ಮೇಸ್ತ್ರಿ ಟವೆಲ್ಲು ಕೊಡವಿಕೊಂಡು ಹೊರಟರು.

ಹೊರಡುವ ಮುನ್ನ ನನ್ನ ಅಂಗಿಯ ಗುಂಡಿ ಹಿಡಿದುಕೊಂಡರು. "ಪ್ರತಿ ಸಲಾನೂ ಹಿಡಿ ನೋಡು. ಒಂದು ತಪ್ಪಿದ್ರೂ ಅದು ಕಂಬದ ಹೊಟ್ಟೇಲಿ ಕೂತ್ಕೊಳ್ಳುತ್ತೆ, ಆಮೇಲೆ ತೆಗೆಯೋರು ಯಾರೂ ಇಲ್ಲ. ನನ್ನ ಹೆಸರು ಹಾಳಾಗ್ಲಿ ಬಿಡು. ಮೇಲೆ ಬಸ್ಸು ಓಡ್ತವೆ."

ನಾನು ಅವರದೇ ಕೆರೆದ ದನಿಯಲ್ಲಿ "ಆಯ್ತು ಮಾರಾಯ" ಅಂದೆ. ಅವರು ನಕ್ಕರು, ನಗು ಕೆಮ್ಮಾಯಿತು. ಅವರ ಬಾಯಿಂದ ದನಿಯಾಗಿ ನಾನು ಕೇಳಿದ ಕೊನೆಯ ಸದ್ದು ಆ ಕೆಮ್ಮು.

ಆ ಬೆಳಿಗ್ಗೆ ಐದಕ್ಕೆಲ್ಲ ಶುರುಮಾಡಿದೆವು. ಒಮ್ಮೆ ಶುರುವಾದರೆ ತುಂಬುವವರೆಗೆ ನಿಲ್ಲಿಸುವಂತಿಲ್ಲ, ತುಸು ಹೆಚ್ಚು ಹೊತ್ತು ತಡವಾದರೂ ಕೊಳವೆ ಕಟ್ಟಿಕೊಳ್ಳುತ್ತದೆ. ಬೆಳಕಾಯಿತು, ಆದರೆ ಬೆಳಕಿನ ಜೊತೆ ಮಂಜೂ ಬಂತು. ಹೊಳೆಯಿಂದ ಎದ್ದ ಮಂಜು ಸೇತುವೆಯನ್ನು ಎರಡೂ ಕಡೆಯಿಂದ ಅಳಿಸುತ್ತಾ ಬಂದು ನಮ್ಮ ಸುತ್ತ ನಾಲ್ಕು ಮಾರು ಜಾಗ ಮಾತ್ರ ಉಳಿಸಿತು. ಹೆಂಗಸರು ಬಿಳಿಯೊಳಗಿಂದ ಬಂದು, ಬಾಂಡ್ಲಿ ತುಂಬಿಸಿಕೊಂಡು, ಬಿಳಿಯೊಳಗೇ ಕರಗಿ, ಮತ್ತೆ ಖಾಲಿ ಬಾಂಡ್ಲಿಯೊಂದಿಗೆ ಹುಟ್ಟಿ ಬರುತ್ತಿದ್ದರು. ಮೊದಲು ಕಾಲುಂಗುರದ ಸದ್ದು, ಆಮೇಲೆ ಕಾಲು, ಆಮೇಲೆ ಹೆಂಗಸು. ಕೊಳವೆಯ ಬಾಯಿ ಹತ್ತು ಹೆಜ್ಜೆ ದೂರದಲ್ಲಿದ್ದರೂ ನನಗೆ ಕಾಣುತ್ತಿರಲಿಲ್ಲ. ಅಲ್ಲಿ ಕಾಂಕ್ರೀಟು ಇಳಿಯುವಾಗ ಯಾವುದೋ ದೊಡ್ಡ ಪ್ರಾಣಿ ನೀರು ಕುಡಿದಂತೆ ಗುಟುಕು ಗುಟುಕಾಗಿ ಸದ್ದು ಬರುತ್ತಿತ್ತು. ಹಿಂದಿನ ರಾತ್ರಿ ಪುಡಿ ತೂಗುತ್ತಾ ನಿದ್ದೆಗೆಟ್ಟಿದ್ದ ನನಗೆ, ನಾವು ಸೇತುವೆ ರಿಪೇರಿ ಮಾಡುತ್ತಿಲ್ಲ, ಮಂಜಿನೊಳಗೆ ಮಲಗಿದ ಯಾವುದಕ್ಕೋ ಗಂಜಿ ಕುಡಿಸುತ್ತಿದ್ದೇವೆ ಅನ್ನಿಸುತ್ತಿತ್ತು.

ಮೊದಲ ಹತ್ತು ಕಲಸಿಗೂ ಹಿಡಿ ನೋಡಿದೆ. ಹತ್ತೂ ಮುದ್ದೆಯ ಹಾಗೆ ಕೂತವು. ತಣ್ಣೀರಿಗೆ ಕೈ ಇಳಿಸಿ ಇಳಿಸಿ ಬೆರಳು ನನ್ನವಲ್ಲ ಅನ್ನಿಸುವಷ್ಟು ಮರಗಟ್ಟಿದವು. ಹತ್ತನೆಯದು ಆದ ಮೇಲೆ ಎಂಜಿನಿಯರ್ ಸಾಹೇಬರು ಜೀಪಿನಲ್ಲಿ ತಿಂಡಿ ತರಲು ಹೋದರು. ಅವರ ಜೀಪಿನ ಸದ್ದು ಕರಗಿದ್ದೇ ಸೆಲ್ವಂ, "ಟೇಪು, ಸಾರ್ ಫೋನ್ ಮಾಡೋದು ಹಾಕಪ್ಪಾ, ಚಳಿ ಬಿಡ್ಲಿ" ಅಂದ. ಅವನು ಭದ್ರಾವತಿಯ ಕಾರ್ಖಾನೆ ಕಡೆಯವನು, ತಮಿಳಿನ ರಾಗದಲ್ಲಿ ಕನ್ನಡ ಆಡುತ್ತಿದ್ದ. ಅವನನ್ನೂ ನಾನು ಮಾಡುತ್ತಿದ್ದೆ, ಅದು ಅವನಿಗೆ ಗೊತ್ತಿತ್ತು.

ನಾನು ಬೇಡವೆನ್ನುವ ಆಸಾಮಿಯಲ್ಲ. ಕೈಯಲ್ಲಿದ್ದ ಹನ್ನೊಂದನೆಯ ಪೊಟ್ಟಣವನ್ನೇ ರಿಸೀವರ್ ಮಾಡಿಕೊಂಡು ಕಿವಿಗಿಟ್ಟೆ. ಸಾಹೇಬರು ಮೇಲಧಿಕಾರಿಗೆ ಇಂಗ್ಲಿಷಿನಲ್ಲೂ ಮನೆಯವರಿಗೆ ಕನ್ನಡದಲ್ಲೂ ಒಟ್ಟಿಗೇ ಹೆದರುವುದನ್ನು ಮಾಡಿದೆ. ಸೆಲ್ವಂ ಮಿಕ್ಸರಿನ ಹಿಡಿಕೆ ಹಿಡಿದುಕೊಂಡೇ ನಕ್ಕ. ಹೆಂಗಸರು ಬಾಂಡ್ಲಿ ಇಳಿಸಿ ನಕ್ಕರು. ಸೇತುವೆಯ ಕಟ್ಟೆಯ ಮೇಲೆ ಪೊಟ್ಟಣ ಕುಕ್ಕಿ "ಫೋನ್ ಇಟ್ಟೆ". ಅಷ್ಟರಲ್ಲಿ ಡ್ರಮ್ಮಿನಲ್ಲಿ ಕಲಸು ತಿರುಗುತ್ತಿತ್ತು. ಬಣ್ಣ, ಹದ ಎಲ್ಲ ಮಂಜಿನಲ್ಲಿ ಒಂದೇ ಥರ ಕಾಣುತ್ತಿತ್ತು. ಸೆಲ್ವಂ ಅದನ್ನು ತಗಡಿನ ಮೇಲೆ ಸುರಿದು, ಯಾವತ್ತಿನಂತೆ ಎಂಜಿನ್ನಿನ ಸದ್ದು ತಗ್ಗಿಸಿದ. ನಾನು ಹಿಡಿ ನೋಡಲಿಲ್ಲ. ಬೆರಳು ನೋಯುತ್ತಿದ್ದವು, ಹತ್ತು ಸರಿಯಾಗಿದ್ದವಲ್ಲ, ಹನ್ನೊಂದು ಎಲ್ಲಿಗೆ ಹೋಗುತ್ತದೆ ಅಂದುಕೊಂಡೆ. ಪುಡಿ ಬಿದ್ದಿಲ್ಲ ಅನ್ನುವುದು ನನ್ನ ತಲೆಯಲ್ಲಿ ಇರಲೇ ಇಲ್ಲ. ಇದನ್ನು ನಾನು ಯಾರ ಮೇಲೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ. ನೋಡಿ, ನಾನೂ ಆಣೆಯ ಜಾಗಕ್ಕೆ ಬಂದೆ.

ಹಾಲಮ್ಮ ಮೊದಲ ಬಾಂಡ್ಲಿ ಹೊತ್ತು ಕೊಳವೆಯ ಕಡೆ ಎರಡು ಹೆಜ್ಜೆ ಇಟ್ಟಿದ್ದಳು. ಆಗ ದನಿ ಬಂತು.

"ಹಾಕ್ಬೇಡ ಹಾಲಮ್ಮ. ಟೇಪೂ, ಹಿಡಿ ನೋಡಿದ್ಯಾ?"

ಕಿರುಚಿದ್ದಲ್ಲ, ಗದರಿದ್ದೂ ಅಲ್ಲ. ತುಂಬಿದ, ತಿಳಿಯಾದ, ಅವಸರವಿಲ್ಲದ ಗಂಡಸಿನ ದನಿ. ಒಂದು ಅಗಲವಾದ ಹೊಳೆಯನ್ನು ದಾಟಿ ಬರುವುದು ಅದಕ್ಕೆ ದಿನನಿತ್ಯದ ಕೆಲಸ ಅನ್ನುವಂತಿತ್ತು. ಎಲ್ಲಿಂದ ಬಂತು ಎಂದು ಆಮೇಲೆ ಕೇಳಿದರೆ ಸೆಲ್ವಂ ಬೆನ್ನ ಹಿಂದಿನಿಂದ ಅಂದ, ಒಬ್ಬ ಹೆಂಗಸು ಕೆಳಗೆ ನೀರಿನಿಂದ ಅಂದಳು. ನನಗೆ ಅದು ಎಲ್ಲಿಂದಲೂ ಬರಲಿಲ್ಲ. ಮಂಜಿನಷ್ಟೇ ಸಮನಾಗಿ ಎಲ್ಲ ಕಡೆಯೂ ಇತ್ತು.

ಹಾಲಮ್ಮ ಬಾಂಡ್ಲಿಯನ್ನು ಕೆಳಗಿಟ್ಟಳು. ಎತ್ತಿ ಹಾಕಲಿಲ್ಲ, ಬೀಳಿಸಲಿಲ್ಲ, ಮೆಲ್ಲಗೆ ಕೆಳಗಿಟ್ಟಳು. ಆಮೇಲೆ ತಾನೇ ಒಂದು ಹಿಡಿ ತೆಗೆದು ಬಕೆಟ್ಟಿಗೆ ಇಳಿಸಿ ಬೆರಳು ಬಿಡಿಸಿದಳು. ನೀರು ಒಮ್ಮೆಗೇ ಬೂದಿಯಾಯಿತು. ತಳದಲ್ಲಿ ಜಲ್ಲಿಕಲ್ಲುಗಳು ತೊಳೆದಿಟ್ಟ ಹಾಗೆ ಬೆತ್ತಲೆ ಬಿದ್ದಿದ್ದವು.

ಕಟ್ಟೆಯ ಮೇಲೆ ಪೊಟ್ಟಣ ಇತ್ತು. ಬಾಯಿ ಹರಿಯದೆ, ಫೋನಿನ ಹಾಗೆ.

ಆ ಕಲಸನ್ನು ರಸ್ತೆಯ ಪಕ್ಕಕ್ಕೆ ಸುರಿದೆವು, ಸೆಲ್ವಂ ಕೈಲಾದಷ್ಟು ಬೇಗ ಇನ್ನೊಂದು ಕಲಸಿದ. ಈ ಸಲ ಪುಡಿ ಬಿದ್ದದ್ದನ್ನು ಮೂರು ಜನ ನಿಂತು ನೋಡಿದೆವು. ಕೊಳವೆ ಕಟ್ಟಿಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪೊಳ್ಳು ತುಂಬಿತು. ಆಮೇಲಿನ ಒಂದೊಂದಕ್ಕೂ ನಾನು ಹಿಡಿ ನೋಡಿದೆ, ಒಂದು ಮಾತೂ ಆಡಲಿಲ್ಲ. ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

ಮಂಜು ಹರಿದ ಮೇಲೆ ಎಲ್ಲರಿಗೂ ಧೈರ್ಯ ಬಂತು, ಧೈರ್ಯದ ಜೊತೆ ಕಾರಣವೂ ಸಿಕ್ಕಿತು. ಪೊಟ್ಟಣ ಮರೆತದ್ದು ಇವನಿಗೆ ತಟ್ಟನೆ ನೆನಪಾಗಿದೆ. ತಪ್ಪು ಒಪ್ಪಿಕೊಳ್ಳಲು ನಾಚಿಕೆ. ಅದಕ್ಕೆ ಮೇಸ್ತ್ರಿ ದನಿಯಲ್ಲಿ ಕೂಗಿ ನಿಲ್ಲಿಸಿದ್ದಾನೆ. ಸೆಲ್ವಂ ನನ್ನ ಬೆನ್ನು ತಟ್ಟಿ, ಕಳ್ಳ ಕಣಪ್ಪಾ ನೀನು, ಆದ್ರೆ ಒಳ್ಳೇ ಕಳ್ಳ ಅಂದ. ಸಾಹೇಬರು ಇಡ್ಲಿ ಪೊಟ್ಟಣ ಹಿಡಿದುಕೊಂಡೇ ಪೂರ್ತಿ ಕಥೆ ಕೇಳಿ, ತಮ್ಮನ್ನು ಅಣಕಿಸಿದ ಭಾಗವನ್ನು ಬಿಟ್ಟು ಉಳಿದದ್ದಕ್ಕೆ ನನ್ನನ್ನು ಹೊಗಳಿದರು. ನಾನಲ್ಲ ಎಂದು ಎಷ್ಟು ಹೇಳಿದರೂ ಅದನ್ನೂ ಅಭಿನಯವೆಂದೇ ಎಣಿಸಿದರು. ಜೀವನವಿಡೀ ಸುಳ್ಳು ದನಿಯಲ್ಲಿ ಮಾತಾಡಿದವನಿಗೆ ನಿಜ ಹೇಳಲು ಬೇರೆ ದನಿ ಎಲ್ಲಿಂದ ಬರಬೇಕು?

ಹಾಲಮ್ಮನನ್ನು ಬೇರೆಯಾಗಿ ಕೇಳಿದೆ. ಅವಳು ಬಾಂಡ್ಲಿ ತೊಳೆಯುತ್ತಿದ್ದಳು.

"ಅದು ಅವರ ಹಳೇ ಗಂಟಲು" ಅಂದಳು. "ನೀನು ಅದನ್ನ ಎಲ್ಲಿ ಕೇಳಿದ್ದೆ?"

"ಕೇಳೇ ಇಲ್ಲ ಹಾಲಮ್ಮ."

ಅವಳು ನನ್ನ ಮುಖ ನೋಡಿದಳು. "ಆದ್ರೆ ನಿನ್ನ ಬಾಯಿ ತೆರೆದಿತ್ತು ಕಣೋ. ಕೆಳಗಿಡೋವಾಗ ತಿರುಗಿ ನೋಡ್ದೆ. ನಿನ್ನ ಬಾಯಿ ತೆರೆದೇ ಇತ್ತು."

ನಿಜ, ತೆರೆದಿತ್ತು. ಅದು ನನಗೂ ನೆನಪಿದೆ, ಹಲ್ಲಿಗೆ ಮಂಜಿನ ತಂಪು ತಾಕಿದ್ದು. ಏಕೆ ತೆರೆದಿತ್ತು ಅನ್ನುವುದು ನೆನಪಿಲ್ಲ. ದನಿ ಕೇಳಿ ತೆರೆಯಿತೋ, ತೆರೆದದ್ದಕ್ಕೆ ದನಿ ಬಂತೋ.

ನಾಲ್ಕು ದಿನ ಬಿಟ್ಟು ಶಿವಮೊಗ್ಗದ ಆಸ್ಪತ್ರೆಗೆ ಹೋದೆ. ಕೊನೆಯ ಕಲಸಿನ ಹಿಡಿಯನ್ನು ಬಕೆಟ್ಟಿನಿಂದ ತೆಗೆಯದೆ ನೀರಿನಲ್ಲೇ ಬಿಟ್ಟಿದ್ದೆ, ಅದು ಕಲ್ಲಾಗಿತ್ತು. ನನ್ನ ನಾಲ್ಕು ಬೆರಳಿನ ಗುರುತು ಅದರ ಮೇಲೆ ಹಾಗೇ ಇತ್ತು. ಹಣ್ಣು ತರಬೇಕಾದ ಜಾಗಕ್ಕೆ ಅದನ್ನು ಪೇಪರಿನಲ್ಲಿ ಸುತ್ತಿ ತಂದಿದ್ದೆ. ಮೇಸ್ತ್ರಿ ಗಂಟಲಿಗೆ ಬಟ್ಟೆ ಕಟ್ಟಿಸಿಕೊಂಡು ದಿಂಬಿಗೆ ಒರಗಿದ್ದರು. ಮಾತಾಡಕೂಡದೆಂದು ಡಾಕ್ಟರು ಹೇಳಿದ್ದರಿಂದ ಕೈಯಲ್ಲೊಂದು ಸ್ಲೇಟು. ಕಲ್ಲನ್ನು ತೆಗೆದುಕೊಂಡು, ಬೆರಳ ಗೆಣ್ಣಿನಿಂದ ಬಡಿದು, ಕಿವಿಗಿಟ್ಟುಕೊಂಡು ಕೇಳಿದರು. ತಲೆಯಾಡಿಸಿದರು. ಮುಖ ಹಗುರವಾಯಿತು.

ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಗೌರಮ್ಮ ಹೇಳಿದರು, ಆ ಬೆಳಿಗ್ಗೆ ಏಳಕ್ಕೆಲ್ಲ ಇವರನ್ನು ಒಳಗೆ ಕರೆದುಕೊಂಡು ಹೋಗಿದ್ದರು, ಹತ್ತರವರೆಗೂ ಪ್ರಜ್ಞೆ ಇರಲಿಲ್ಲ. ನಮಗೆ ದನಿ ಕೇಳಿದ್ದು ಎಂಟರ ಆಸುಪಾಸು. ಮೇಸ್ತ್ರಿ ಸ್ಲೇಟಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದರು.

"ನನ್ನ ಹಳೇ ಗಂಟಲು ಮಾಡಿದ್ಯಂತೆ. ಒಂದ್ಸಲ ಮಾಡು."

ಆ ದನಿ ಇನ್ನು ತಮಗೆ ಬರುವುದಿಲ್ಲ ಎಂದು ಅವರಿಗೆ ಡಾಕ್ಟರು ಹೇಳಿಯಾಗಿತ್ತು. ಅದು ನನಗೆ ಆಮೇಲೆ ತಿಳಿಯಿತು. ಆಗ ನನಗೆ ಕಂಡದ್ದು ಗೌರಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಕೇಳಲು ಕೂತ ರೀತಿ.

"ಮೇಸ್ತ್ರಿ, ನಾನು ಹಿಡಿ ನೋಡಿರಲಿಲ್ಲ" ಅಂದೆ. ನನ್ನ ಸ್ವಂತ ದನಿಯೇ ನನಗೆ ಅಪರಿಚಿತವಾಗಿ ಕೇಳಿಸಿತು. "ಪುಡಿ ಹಾಕಿರಲಿಲ್ಲ, ಅದೂ ಗೊತ್ತಿರಲಿಲ್ಲ. ಕೂಗಿದ್ದು ನಾನಲ್ಲ."

ಅವರು ಅಂಗೈಯಿಂದ ಸ್ಲೇಟು ಒರೆಸಿದರು. ಮತ್ತೆ ಬರೆದರು: "ಮಾಡು."

ಮಾಡಿದೆ. ಕಣ್ಣು ಮುಚ್ಚಿ, ಆ ಮಂಜನ್ನು ನೆನೆದು, ಹೊಟ್ಟೆಯಿಂದ ಉಸಿರೆಳೆದು ಹಿಡಿ ನೋಡಿದ್ಯಾ ಅಂದೆ. ಬಂದದ್ದು ಒಣ ಮರಳಿನ ಮೇಲೆ ಸಲಿಕೆ. ಇನ್ನೊಮ್ಮೆ ಪ್ರಯತ್ನಿಸಿದೆ, ಅದೇ. ಗೌರಮ್ಮ ಮೆಲ್ಲಗೆ "ಇದಲ್ಲ" ಅಂದು ಲೋಟ ಎತ್ತಿಕೊಂಡರು. ಜೀವಮಾನದಲ್ಲಿ ಒಮ್ಮೆ ನನ್ನ ವಿದ್ಯೆ ಯಾರಿಗಾದರೂ ನಿಜವಾಗಿ ಬೇಕಾಗಿತ್ತು, ಆವತ್ತೇ ಕೈಕೊಟ್ಟಿತು.

ಮೇಸ್ತ್ರಿ ನನ್ನ ಬಲಗೈಯನ್ನು ಎಳೆದುಕೊಂಡರು. ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿ, ಬಕೆಟ್ಟಿಗೆ ಇಳಿಸುವ ಹಾಗೆ ಹಾಸಿಗೆಯ ಮೇಲೆ ಇಳಿಸಿ, ಒಂದೊಂದಾಗಿ ಬಿಡಿಸಿದರು. ನನ್ನ ಖಾಲಿ ಅಂಗೈಯನ್ನು ತಿಳಿನೀರನ್ನು ನೋಡುವಂತೆ ನೋಡಿದರು. ಆಮೇಲೆ ಸದ್ದಿಲ್ಲದೆ ನಕ್ಕರು, ಈ ಸಲ ಕೆಮ್ಮು ಬರಲಿಲ್ಲ.

ಅವರು ಈಗಲೂ ಗೋಪಾಳದಲ್ಲಿದ್ದಾರೆ. ಪಿಸುಮಾತು ಬಿಟ್ಟು ಬೇರೆ ದನಿಯಿಲ್ಲ, ಬೀದಿಯ ಹುಡುಗರನ್ನು ಚಪ್ಪಾಳೆ ತಟ್ಟಿ ಗದರಿಸುತ್ತಾರೆ. ಆ ಕಲ್ಲಿನ ಹಿಡಿ ಅವರ ಬಾಗಿಲಿಗೆ ಒತ್ತುಗಲ್ಲಾಗಿದೆ. ನಾವು ಪಕ್ಕಕ್ಕೆ ಸುರಿದ ಹನ್ನೊಂದನೆಯ ಕಲಸು ರಸ್ತೆಯ ಬದಿಯಲ್ಲೇ ಗಟ್ಟಿಯಾಗಿ ಕೂತಿದೆ, ನೆಲದ ಮೇಲೆ ಅದಕ್ಕೆ ಏನೂ ಊನವಿಲ್ಲ, ಬಸ್ಸಿಗೆ ಕಾಯುವವರು ಅದರ ಮೇಲೆ ಕೂರುತ್ತಾರೆ. ಕಂಬ ಅಲುಗಿಲ್ಲ.

ನಾನೇ ಕೂಗಿದೆನೇ? ಕಿವಿಗೆ ಬೀಳದ ದನಿಯನ್ನು ಬಾಯಿ ಕಲಿಯುತ್ತದೆಯೇ? ನನಗೆ ತಿಳಿಯದ ತಪ್ಪು ನನ್ನ ನಾಲಿಗೆಗೆ ತಿಳಿದಿತ್ತೇ? ಅಥವಾ ಶಿವಮೊಗ್ಗದ ಆಪರೇಷನ್ ಮೇಜಿನ ಮೇಲೆ ಬಿಚ್ಚಿದ ಗಂಟಲಿನಿಂದ ಹೊರಟದ್ದು, ಹೋಗಲು ಬೇರೆ ಜಾಗವಿಲ್ಲದೆ ತೆರೆದಿದ್ದ ಬಾಯೊಂದನ್ನು ಹುಡುಕಿಕೊಂಡು ಬಂತೇ? ಬರೆದು ನೋಡಿದರೆ ನನಗೇ ನಗು ಬರುತ್ತದೆ. ಆದರೆ ಹೊಳೆಹೊನ್ನೂರಿನ ಕಡೆ ಹೋಗುವಾಗ, ಬಸ್ಸು ಆ ಸೇತುವೆಯ ಮೇಲೆ ಬಂದ ಕೂಡಲೇ, ನಾನು ಮಾತು ನಿಲ್ಲಿಸಿ ಕೈಯಿಂದ ಬಾಯಿ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತೇನೆ. ಪಕ್ಕದಲ್ಲಿ ಕೂತವರು ವಾಂತಿ ಬಂತೆಂದು ಕಿಟಕಿ ಬಿಟ್ಟುಕೊಡುತ್ತಾರೆ. ವಾಂತಿಯಲ್ಲ. ಅದು ಇನ್ನೊಮ್ಮೆ ಕೇಳಿಸಿದರೆ, ಈ ಸಲವಾದರೂ ನನ್ನ ಬಾಯಿ ಮುಚ್ಚಿತ್ತು ಅನ್ನುವುದು ನನಗೆ ಗೊತ್ತಿರಬೇಕು.